ಐದನೇ ಗಂಗಾಳ

ಮೊದಲು ಕತ್ತಲ.
ಕಡ್ಡಿ ಗೀರಿದ ಸಪ್ಪಳ. ಆ ಬೆಳಕಿನ್ಯಾಗ
ಒಂದು ಮೂಗು, ನಾಕು ಮೀಸಿ,
ಮುಂಗುಸಿ ತಾಯಿಯ ಅರ್ಧ ಮಾರಿ.
ಇಲ್ಲಿಗೆ ಹನ್ನೊಂದು ಸೆಕೆಂಡ್.
ರಿಮೋಟ್ ಒತ್ತಿ ನಿಲ್ಲಿಸಿದೆ.
ಏನೇನು ಕಂಡ್ರಿ, ಹೇಳ್ರಿ ಅಂದೆ.

ವಾಡಿಯ ಸರಕಾರಿ ಸಾಲಿ, ಆರನೇ ಇಯತ್ತೆ,
ಶನಿವಾರದ ಕಡೀ ಪಿರಿಯಡ್, ಚಿತ್ರಕಲಾ.
ಈ ವರ್ಷ ಬಣ್ಣದ ಡಬ್ಬಿ ಬರಲಿಲ್ಲ, ಟಿವಿ ಬಂತು.
ಹಂಗಾಗಿ ಸಿನಿಮಾ; ಅದೂ ಪೂರಾ ಅಲ್ಲ,
ಮೊದಲಿನ ಎರಡು ನಿಮಿಷ, ನಿಲ್ಲಿಸಿ ನಿಲ್ಲಿಸಿ,
ಕಟಕ ರೊಟ್ಟಿ ಮುರಿದು ಮುರಿದು ತಿಂದಂಗ.

ನಾನು ಹೇಳಿಕೊಟ್ಟದ್ದು ಒಂದೇ ಮಾತು:
ಕಾರ್ಟೂನಿನ್ಯಾಗ ಯಾವುದೂ ತಾನಾಗಿ ಬಂದು ಬೀಳೂದಿಲ್ಲ.
ಕ್ಯಾಮೆರಾದ ಮುಂದ ಬೆಕ್ಕು ಹಾದು ಹೋತು ಅನ್ನಾಕ ಬರೂದಿಲ್ಲ.
ಒಂದೊಂದು ಹುಲ್ಲುಕಡ್ಡೀನೂ ಯಾರೋ ಕುಂತು ಎಳೆದದ್ದು.
ಅದಕ್ಕ ಕೇಳ್ರಿ, ಇದು ಇಲ್ಲಿ ಯಾಕ?

ಸಾಬಣ್ಣ ಎದ್ದ. ಬಿಲದ ಬಾಗಿಲಿಗೆ
ಪರದಾ ಕಟ್ಟಿದ ಎಲಿ ತೋರಿಸಿದ.
"ಇದು ಖೋಟಾ ಎಲಿ ಸರ್."
ಯಾಕಪಾ?
"ಒಂದು ಚಿಟಿಕಿ ಧೂಳಿಲ್ರಿ."
ಯಾರೂ ನಗಲಿಲ್ಲ. ಕಿಡಕಿಯಾಚೆ ಬೇವಿನ ಗಿಡ
ಸಿಮೆಂಟ್ ಬಳಕೊಂಡು ನಿಂತಿತ್ತು,
ಮಳಿ ಬಂದಾಗ ಎರಡು ದಿನ ಹಸರು, ಮತ್ತ ಬೂದಿ.

ಲಾಡ್ಲೇಸಾಬನ ಅಪ್ಪ ಹಳಿ ಕಾಯೋ ಗ್ಯಾಂಗ್‌ಮನ್.
ಅವ ಹೇಳಿದ: "ಗಾಳಿ ಎಡಕಿಂದ ಬರ್ಲಿಕತ್ತದ.
ನೋಡ್ರಿ, ಆಕಿ ಅಂಗೈ ಯಾವ ಕಡಿ ಅಡ್ಡ ಹಿಡದಾಳ."
ಈ ಸಿನಿಮಾ ಮೂರು ಸಲ ನೋಡಿದಂವ ನಾನು.
ಗಾಳಿ ನೋಡಿರಲಿಲ್ಲ.

ಮುಂದ ಬಿಟ್ಟೆ. ದೀಪ ಹತ್ತಿತು.
ತಾಯಿ ಬಾಲ ಮುಟ್ಟಿ ಮುಟ್ಟಿ ಎಣಿಸಿದಳು:
ಒಂದು, ಎರಡು, ಮೂರು. ತನ್ನದೂ ಸೇರಿಸಿ ನಾಕು.
ಮೂವತ್ತೆಂಟನೇ ಸೆಕೆಂಡಿಗೆ ಗಂಗಾಳ ಹಚ್ಚಿಟ್ಟಳು.
ಐದು.

ಕ್ಲಾಸು ಜಗಳಕ್ಕ ಬಿತ್ತು.
ಅಪ್ಪ ನೈಟ್ ಶಿಫ್ಟಿಗೆ ಹೋಗ್ಯಾನ ಅಂದ್ರು ಫ್ಯಾಕ್ಟರಿ ಕಡ್ಯಾವ್ರು.
ಬೀಗರು ಬರ್ತಾರಂದ್ರು.
ಹಾವಿಗೆ ಅದು, ವಿಷ ಹಾಕಿ ಇಟ್ಟಾಳ, ಅಂದ ಒಬ್ಬ.
ಚಿತ್ರ ತೆಗೆದಂವಗ ಎಣಿಕಿ ಬರೂದಿಲ್ಲ ಅಂದ ಸಾಬಣ್ಣ,
ಎಲಿ ಮ್ಯಾಲಿನ ಸಿಟ್ಟು ಅವಗ ಇನ್ನೂ ಇಳಿದಿದ್ದಿಲ್ಲ.

ದೇವಿಂದ್ರಮ್ಮ ಕೈ ಎತ್ತಲಿಲ್ಲ. ಎದ್ದೂ ನಿಲ್ಲಲಿಲ್ಲ.
ಪೆನ್ಸಿಲ್ ಕೆತ್ತಿಕೋತ ಅಂದಳು,
"ಇಡ್ತಾರ್ರಿ ಹಂಗ."

ಯಾರಿಗೆ ಅಂತ ಕೇಳಾಕ ಬಾಯಿ ತೆರೆದವ
ಹೋದ ವರ್ಷದ ಹಾಜರಿ ಪುಸ್ತಕ ನೆನೆಸಿ ಮುಚ್ಚಿದೆ.
ಎಂಟನೇ ಇಯತ್ತೆ, ಅವರಣ್ಣನ ಹೆಸರು,
ಅದರ ಮ್ಯಾಲೆ ಕೆಂಪು ಶಾಯಿಯ ಗೆರಿ.
ಪಟ್ಟಿ ಇಟ್ಟು ಎಳೆದಂವ ನಾನೇ.

ಅಷ್ಟರಾಗ ಕರೆಂಟ್ ಹೋತು.
ಗೂಡ್ಸ್ ಗಾಡಿಯೊಂದು ಜಂಕ್ಷನ್ ದಾಟೂ ತನಕ
ಕರೀ ಟಿವಿಯೊಳಗ ನಮ್ಮ ಮಾರಿ ಕಾಣ್ತಿದ್ದವು,
ನಲವತ್ತೊಂದು. ಎಣಿಸಿದೆ.

ರಾತ್ರಿ ಮನ್ಯಾಗ ಮೊಬೈಲಿನ್ಯಾಗ ಹಾಕಿ
ಬಟ್ಟು ಇಟ್ಟು ಇಟ್ಟು ನೋಡಿದೆ.
ನಲವತ್ತನೇ ಸೆಕೆಂಡಿಗೆ ಗಂಗಾಳ ನಾಕೇ.
ಆಮೇಲೆ ಹೊಳಿ ಬರ್ತದ, ಹಾವು ಬರ್ತದ,
ಗೆದ್ದ ಮ್ಯಾಲೆ ಕುಣಿತ.
ಒಂದೂವರೆ ತಾಸಿನ್ಯಾಗ ಎಲ್ಲೂ
ಐದನೆಯವರ ಹೆಸರು ಯಾರೂ ತಗಿಯೂದಿಲ್ಲ.
ತಪ್ಪು ಅದು. ಬರೀ ತಪ್ಪು.
ಯಾವ ದೇಶದಾಗೋ ಯಾವನೋ, ನಸುಕಿನ ಮೂರಕ್ಕ,
ಕಣ್ಣಿಗೆ ನಿದ್ದಿ ಹತ್ತಿ
ಒಂದು ಗಂಗಾಳ ಅಳಸೂದು ಮರೆತಾನ.
ಅವನ ಮನ್ಯಾಗ ಉಣ್ಣಾಕ ಎಷ್ಟು ಮಂದಿ ಕುಂದ್ರತಾರೋ.
ಎಲ್ಲಾದಕ್ಕೂ ಒಂದು ಯಾಕ ಇರ್ತದ ಅಂತ ಕಲಿಸಿದಂವ
ಸೋಮವಾರ ಮಕ್ಕಳಿಗೆ ಏನು ಹೇಳಲಿ?

ಹೇಳಲಿಲ್ಲ.
ಮುಂದಿನ ಶನಿವಾರ ಅಲ್ಲಿಂದಲೇ ಬಿಟ್ಟೆ,
ರಿಮೋಟಿನ ಮ್ಯಾಲೆ ಹೆಬ್ಬಟ್ಟು ಬೆವರ್ತಿತ್ತು.
ಮೂವತ್ತೆಂಟು, ಐದು. ಮೂವತ್ತೊಂಬತ್ತು.
ನಲವತ್ತಕ್ಕ ದೇವಿಂದ್ರಮ್ಮ
ಪೆನ್ಸಿಲ್ ಕೆಳಗಿಟ್ಟು ನನ್ನ ಕಡಿ ನೋಡಿದಳು.
"ಎತ್ತಿಟ್ಟರ್ರಿ ಸರ್," ಅಂದಳು.

ಹಾವು ಯಾವಾಗ ಬರ್ತದ, ಅಂತ ಕೇಳಿದ ಸಾಬಣ್ಣ.