ಚಿಲ್ರೆ ಮತ್ತು ಎಡಗಣ್ಣು

ಹನಿ ಬಿಟ್ಟು ಹತ್ತು ನಿಮಿಷ.
ಮಧ್ಯಾಹ್ನದ ಶ್ರೀರಾಮಪುರ ಸುಣ್ಣದ ಡಬ್ಬಿಯಾಗಿದೆ,
ತಗಡು, ಗೋಡೆ, ಒಣಹಾಕಿದ ಪಂಚೆ ಎಲ್ಲ ಒಂದೇ ಬಿಳಿ.
ನನ್ನ ಪಾಪೆ ತಟ್ಟೆಯಷ್ಟು ತೆರೆದುಕೊಂಡು
ಬೆಳಕನ್ನು ಬೇಡವೆನ್ನಲಾರದೆ ಕೂತಿದೆ.
ಹೊಸ್ತಿಲಲ್ಲಿ ಚಿಲ್ರೆ.
ಅದರ ಪಾಪೆ ಭತ್ತದ ಹೊಟ್ಟಿನಷ್ಟು ಸಣ್ಣ,
ಬೇಕಾದಷ್ಟೇ ಬಿಸಿಲು ತಗೊಂಡು
ಮಿಕ್ಕಿದ್ದು ನನಗೆ ಬಿಟ್ಟಂತೆ.

ಮೀನಂಗಡಿಯ ಯಾಕೂಬಣ್ಣ
ಐದು ರೂಪಾಯಿ ಇಲ್ಲ ಅಂತ ಚೀಲಕ್ಕೆ ಹಾಕಿಕೊಟ್ಟ ಮರಿ.
ಅದಕ್ಕೇ ಆ ಹೆಸರು.

ಮೂರು ವರ್ಷದಲ್ಲಿ ಏಳು ಸಲ ಕೆಂಪಾಯಿತು ಕಣ್ಣು.
ಮೊದಲು ಮದ್ರಾಸ್ ಐ ಅಂದರು,
ಎದೆಹಾಲು ಬಿಡಿಸು ಅಂದಳು ಸೆಲ್ವಿಯಕ್ಕ.
ನಾಲ್ಕನೆಯ ಸಲ ಉರಿಯೂತ ಎಂಬ ಮಾತು ಕಲಿತೆ.
ಉರಿಯೂ ಇದೆ, ಊತವೂ ಇದೆ,
ನೋಡಿಯೇ ಇಟ್ಟಿದ್ದಾರೆ ಹೆಸರು.
ಈಗ ಸೋಮವಾರ ಸೋಮವಾರ ಹಳದಿ ಮಾತ್ರೆ,
ಮೈಯ ಕಾವಲುಗಾರನಿಗೆ ತೂಕಡಿಕೆ ಬರಿಸಲು.
ಕಳ್ಳನೆಂದು ಮನೆಯವರನ್ನೇ ಬಡಿಯುತ್ತಿದ್ದಾನಂತೆ ಅವನು.

ಸೀರೆಯೊಂದಕ್ಕೆ ನೂರಿಪ್ಪತ್ತು ಕುಚ್ಚು.
ಗಂಟು ಬೆರಳಿಗೇ ಕಾಣುತ್ತದೆ, ಬಣ್ಣ ಮಾತ್ರ ಕೇಳಬೇಕು.
ಕಳೆದ ವಾರ ರಾಮಾ ಗ್ರೀನಿಗೆ ನವಿಲುಬಣ್ಣ ಕಟ್ಟಿ
ರಾತ್ರಿಯಿಡೀ ಬಿಚ್ಚಿದೆ.

ಮಿಂಟೋದಲ್ಲಿ ಹುಡುಗಿ ಡಾಕ್ಟರು
ಬೆಳಕಿನ ಸೀಳೊಂದನ್ನು ಕಣ್ಣೊಳಗಿಟ್ಟು ಕೇಳಿದಳು:
"ಮನೇಲಿ ಬೆಕ್ಕಿದೆಯಾ?"
ಗದ್ದ ಊರಿ ಕೂತವಳು ಸುಳ್ಳು ಹೇಳುವುದು ಹೇಗೆ?
ರಕ್ತ ಕೊಟ್ಟು ಬಂದೆ. ಒಂದು ವಾರ
ಆರೋಪಿಯಂತೆ ಮಂಚದಡಿ ಇತ್ತು ಚಿಲ್ರೆ,
ಅಥವಾ ನಾನೇ ಹಾಗೆ ನೋಡಿದೆನೋ.
"ಗೋಣಿಚೀಲ ನಾ ಕೊಡ್ತೀನಿ," ಅಂದಳು ಸೆಲ್ವಿಯಕ್ಕ,
"ಯಶವಂತಪುರದಲ್ಲಿ ಬಿಟ್ ಬಾ. ಕಣ್ಣು ಬೇಕಾ ಬೆಕ್ಕು ಬೇಕಾ?"

ಚೀಟಿ ಬಂತು. ಬೆಕ್ಕಿನದಲ್ಲ.
"ಆದ್ರೂ ಈ ಮಾತ್ರೆ ನುಂಗೋರು
ಅದರ ಮಣ್ಣು ಮುಟ್ಟಬಾರದಮ್ಮ, ದಿನಾ ಬೇರೆಯವರು ತೆಗೀಲಿ.
ಹಸಿ ಮಾಂಸ ಹಾಕ್ಬೇಡಿ. ಉಗುರು ಕತ್ತರಿಸಿ.
ಕೈ ತೊಳೀದೆ ಹನಿ ಬಿಟ್ಕೋಬೇಡಿ."
ಬೆಕ್ಕನ್ನು ಬಿಡಿ ಎನ್ನಲಿಲ್ಲ.
ಎಂದಾಳೆಂದು ಸೆರಗಿನ ತುದಿ ಹಿಂಡುತ್ತ ಕೂತಿದ್ದೆ.

ಬೇರೆಯವರೆಂದರೆ ಮನೆಯಲ್ಲಿ ಗವಿರಂಗ ಒಬ್ಬನೇ.
ಒಂದು ದಿನ ಅದನ್ನು ಹೆಸರು ಹಿಡಿದು ಕರೆದವನಲ್ಲ.
ಮಾರ್ಕೆಟ್ಟಿನಲ್ಲಿ ರಾತ್ರಿಯೆಲ್ಲ ಹೂ ತೂಗಿ
ಆರಕ್ಕೆ ಬರುತ್ತಾನೆ, ಮೈಯೆಲ್ಲ ಸೇವಂತಿಗೆ.
ಹೂವಿನ ಕವರನ್ನೇ ಕೈಗೆ ಸಿಕ್ಕಿಸಿ
ಎದುರು ಕಟ್ಟಡದಿಂದ ಬೇಡಿ ತಂದ ಎಂ-ಸ್ಯಾಂಡಿನ ಮುಂದೆ
ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಟವೆಲು ಸುತ್ತಿ
"ಏನ್ ತಿಂತೀಯೋ ಭೂಪ?" ಅನ್ನುತ್ತಾನೆ.
ನಾನು ಎಚ್ಚರವಿಲ್ಲದವಳಂತೆ ಮಲಗಿರುತ್ತೇನೆ.

ಸಂಜೆಗೆ ಬಿಳಿ ಇಳಿಯುತ್ತದೆ, ಎಳೆಗಳು ಉಳಿಯುತ್ತವೆ:
ಕರಿ ದಾರದ ತುಂಡುಗಳು ಕಣ್ಣೊಳಗೇ ತೇಲಿ
ನೋಡಹೋದರೆ ಪಕ್ಕಕ್ಕೆ ಜಾರುತ್ತವೆ.
ಇವತ್ತು ಚಿಲ್ರೆ, ಗೋಡೆಮೂಲೆಯಲ್ಲಿ ಏನೂ ಇಲ್ಲದ್ದನ್ನು
ದಿಟ್ಟಿಸಿ, ಬಾಲ ಅಲ್ಲಾಡಿಸಿ, ಹಾರಿ ಹಿಡಿಯಿತು.
ಪಂಜ ಎತ್ತಿ ನೋಡಿತು. ನಾನೂ ಬಗ್ಗಿ ನೋಡಿದೆ.
"ಸಿಕ್ತಾ?" ಅಂದೆ.
ಎಂಟು ಗಂಟೆಯ ಹನಿಗೆ
ಕೈ ತೊಳೆಯಲು ಎದ್ದೆ.