ಎರಡು ಗಂಟೆ

ಈ ಕಿತ್ತಳೆ ಕೊಡೆ ಮಳೆಗಲ್ಲ.
ಎತ್ತಿ ಹಿಡಿದರೆ ಹದಿನೇಳು ಜನ ಹಿಂದೆ ಬರುತ್ತಾರೆ,
ಇಳಿಸಿದರೆ ಕಾಫಿ ಅಂಗಡಿಗೆ ಚದುರುತ್ತಾರೆ.
ಇಪ್ಪತ್ತೊಂದು ವರ್ಷದಿಂದ ಇದೇ ನನ್ನ ಬಾವುಟ.
ಹೆಸರು ಗೆಸೀನ್. ಊರು ಲ್ಯೂಬೆಕ್.
ಎರಡು ಗಂಟೆಯ ನಡಿಗೆ, ತಲೆಗೆ ಹದಿನಾಲ್ಕು ಯೂರೋ,
ಮಕ್ಕಳಿಗೆ ಅರ್ಧ, ನಾಯಿಗೆ ಬಿಟ್ಟಿ.

ಮೊದಲು ಹೋಲ್ಸ್ಟನ್ ಹೆಬ್ಬಾಗಿಲು.
ನೋಡಿ, ಎರಡೂ ಗೋಪುರ ಒಂದರತ್ತ ಒಂದು ವಾಲಿವೆ,
ಬಹಳ ಕಾಲ ಸಂಸಾರ ಮಾಡಿ
ಕಿವಿ ಮಂದವಾದವರ ಹಾಗೆ.
ತಳದಲ್ಲಿ ಜೌಗು; ಕಟ್ಟುವಾಗಲೇ ಕುಸಿಯತೊಡಗಿತ್ತು.
ಇಲ್ಲಿ ಎಲ್ಲರೂ ನಗುತ್ತಾರೆ. ನಾನೂ.
ಈ ನಗು ಟಿಕೇಟಿನಲ್ಲಿ ಸೇರಿದೆ.
ಫೋಟೋಕ್ಕೆಂದು ಹಿಂದೆ ಹಿಂದೆ ಸರಿದವರು
ಎರಕದ ಸಿಂಹಗಳಿಗೆ ಬೆನ್ನು ತಾಗಿಸಿಕೊಳ್ಳುತ್ತಾರೆ.
ಒಂದು ಎದ್ದಿದೆ, ಒಂದು ಮಲಗಿದೆ.
ಮಲಗಿದ್ದು ನನ್ನ ಕಥೆ ಕೇಳಿ ಕೇಳಿ.

ಪಕ್ಕದಲ್ಲಿ ಉಪ್ಪಿನ ಉಗ್ರಾಣ, ಆರು.
ಉಪ್ಪಿನ ಋಣ ಎಂದರೆ ಈ ಊರಿಗೆ ಗಾದೆಯಲ್ಲ,
ಲೆಕ್ಕದ ಪುಸ್ತಕ.
ಕಾಸೆಲ್‌ನಿಂದ ಬಂದ ನಿವೃತ್ತ ಅಂಚೆಯಣ್ಣ ಬ್ರ್ಯೂನ್ಯೆಸ್
ನಾನು ಹೇಳಿದ ಇಸವಿಯನ್ನೆಲ್ಲ
ತನ್ನ ಪುಸ್ತಕದಲ್ಲಿ ತಾಳೆ ನೋಡುತ್ತಾನೆ.
ನೋಡಲಿ. ಪ್ರತಿ ಗುಂಪಿಗೂ ಒಬ್ಬ ಇರುತ್ತಾನೆ.

ಮರಿಯನ ಇಗರ್ಜಿಯ ಹೊರಗೆ, ಕಲ್ಲಿನ ಮೇಲೆ,
ಪುಟ್ಟ ಸೈತಾನ ಕೂತಿದ್ದಾನೆ.
ಪಡಖಾನೆ ಕಟ್ಟುತ್ತಿದ್ದಾರೆಂದು ನಂಬಿ
ಕಲ್ಲು ಹೊತ್ತನಂತೆ, ಪಾಪ.
ಮುಟ್ಟಿ ಮುಟ್ಟಿ ಅವನ ಕೊಂಬಿಗೆ ಬಂದ ಹೊಳಪು
ಒಳಗಿನ ಯಾವ ಸಂತನಿಗೂ ಬಂದಿಲ್ಲ.

ಒಳಗೆ, ದಕ್ಷಿಣ ಗೋಪುರದ ಬುಡದಲ್ಲಿ, ನಾಲ್ಕು ವಾಕ್ಯ:
ಸಾವಿರದ ಒಂಬೈನೂರ ನಲವತ್ತೆರಡು, ಗರಿಗಳ ಭಾನುವಾರದ ಹಿಂದಿನ ರಾತ್ರಿ.
ಬಾಂಬು, ಬೆಂಕಿ.
ಮೇಲಿದ್ದ ಎರಡು ಗಂಟೆ ನೆಲಕ್ಕೆ ಬಿದ್ದವು.
ಬಿದ್ದಲ್ಲೇ ಇವೆ.
ಆಮೇಲೆ ಗಡಿಯಾರದ ಕಡೆಗೆ ಕೊಡೆ.

ಇವತ್ತು ಕೊಡೆ ಏಳಲಿಲ್ಲ.
ಬೋಖುಮ್‌ನ ಹುಡುಗ, ಯಾನಿಸ್, ಒಂಬತ್ತು ವರ್ಷ,
ಜಾಲರಿಗೆ ಮೂಗು ಒತ್ತಿ ಕೇಳಿದ:
ಯಾಕೆ ಎತ್ತಲಿಲ್ಲ?
ನೆನಪಿಗೆ, ಅಂದೆ. ಅದು ಬಾಯಿಪಾಠ.
ಅವನು ಒಪ್ಪಲಿಲ್ಲ.
ನಮ್ಮಜ್ಜಿ ಬಚ್ಚಲಲ್ಲಿ ಬಿದ್ದಾಗ
ನಾವು ಎತ್ತಿದೆವು, ಅಂದ.

ಯಾರೋ ಕಿಸಕ್ಕೆಂದರು. ಆಮೇಲೆ ಯಾರೂ ನಗಲಿಲ್ಲ.
ಒಡೆದ ಕಂಚು, ಒಂದರ ಬಾಯಿ ನೆಲಕ್ಕೆ ಕಚ್ಚಿಕೊಂಡಿದೆ.
ಬಿಲ್ಲೆಯಂತೆ ಚದುರಿದ ಚೂರುಗಳನ್ನು
ಮೊದಲ ಸಲ ನೋಡುವಂತೆ ನೋಡಿದೆ,
ನೋಡುತ್ತ ಹೇಳಿಬಿಟ್ಟೆ, ಟಿಕೇಟಿನಲ್ಲಿ ಸೇರದ್ದನ್ನು:

ಅಮ್ಮನಿಗೆ ಆಗ ಆರು. ನೆಲಮಾಳಿಗೆಯಲ್ಲಿ,
ಬಾಯಿಗೆ ಒದ್ದೆ ಬಟ್ಟೆ.
ಗಂಟೆ ಹೊಡೆಯುತ್ತಿತ್ತಂತೆ, ಹಗ್ಗ ಎಳೆಯುವವರಿಲ್ಲದೆ,
ಬಿಸಿಗಾಳಿಗೆ ತಾನಾಗಿ. ಆಮೇಲೆ ನಿಂತಿತು.
ನಿಂತದ್ದೇ ಹೆಚ್ಚು ಕೇಳಿಸಿತು, ಅನ್ನುತ್ತಿದ್ದಳು.
ಸಾಯುವ ತನಕ ಮನೆಗೆ ಕರೆಗಂಟೆ ಹಾಕಿಸಲಿಲ್ಲ.
ಅಂಚೆಯವನಿರಲಿ, ಪಾದ್ರಿಯಿರಲಿ,
ಬಂದವರು ಬಾಗಿಲು ತಟ್ಟಬೇಕು.

ಅದಕ್ಕೂ ಮುಂಚೆ ನಮ್ಮವರು ಹಾರಿಹೋಗಿ ಸುಟ್ಟ ಊರುಗಳನ್ನು
ಅಮ್ಮ ಹೆಸರಿಸಲಿಲ್ಲ.
ನಾನು ಹೆಸರಿಸಿದೆ: ವಾರ್ಸಾ. ರಾಟರ್ಡಾಮ್. ಕಾವೆಂಟ್ರಿ.
ಬ್ರ್ಯೂನ್ಯೆಸ್ ಪುಸ್ತಕ ತೆರೆಯಲಿಲ್ಲ.

ಯಾಕೆ ಎತ್ತಲಿಲ್ಲ, ಗೊತ್ತಿಲ್ಲ ಮಗೂ.
ಬಹುಶಃ ಕೈ ಬರಲಿಲ್ಲ.
ಅವನು ತಲೆಯಾಡಿಸಿದ, ಉತ್ತರ ಸಿಕ್ಕಂತಲ್ಲ,
ದೊಡ್ಡವರನ್ನು ಕ್ಷಮಿಸಿದಂತೆ,
ಮತ್ತು ಶೌಚಾಲಯ ಎಲ್ಲಿ ಎಂದು ಕೇಳಿದ.

ಹನ್ನೊಂದು ನಿಮಿಷ ತಡ, ಬ್ರ್ಯೂನ್ಯೆಸ್ ಲೆಕ್ಕ ಹಾಕಿದ.
ಆದರೂ ಐದು ಯೂರೋ ಕೈಗೆ ಒತ್ತಿ,
ಏನೋ ಹೇಳಹೋಗಿ, ಟೋಪಿ ಸರಿಮಾಡಿಕೊಂಡ.
ಮಾರ್ಜಿಪಾನ್ ಅಂಗಡಿಗೆ ದಾರಿ ತೋರಿಸಿ
ಕೊಡೆ ಮಡಚಿದೆ.

ಸಂಜೆ, ಮನೆ. ಕೀಲಿ ಕೈಯಲ್ಲೇ ಇತ್ತು.
ಆದರೂ ಬಾಗಿಲು ತಟ್ಟಿದೆ,
ಮೂರು ಸಲ, ಬೆರಳಗೆಣ್ಣಿನಿಂದ.
ಒಳಗಿನಿಂದ ಬೆಕ್ಕು ಬೈಯಿತು,
ಊಟಕ್ಕೆ ಹೊತ್ತಾಯಿತೆಂದು.