ಹೋಲ್ಡಾನ್

ಇಪ್ಪತ್ತೇಳು ವರ್ಷ ಗದಗ–ಹಾವೇರಿ ಗಾಡ್ಯಾಗ
ಟಿಕೀಟು ಹರದೆ.
ನಸುಕಿನ್ಯಾಗ ಚಾ ಅಂದ್ರ ಅರ್ಧ ಕಪ್ಪು,
ನೀರು ಅಂದ್ರ ತುಟಿ ತೋಯುವಷ್ಟು.
ಚೀಲದಾಗ ಬಾಟ್ಲಿ ಇರ್ತಿತ್ತು,
ತುಂಬಿದ್ದು ತುಂಬಿದಂಗ ಡಿಪೋಕ್ಕ ತಿರುಗಿ ಬರ್ತಿತ್ತು.

ಗಂಡಸರಿಗೇನು,
ಮುಳಗುಂದ ದಾಟಿದ ಮ್ಯಾಲೆ ಒಂದು ಜಾಲಿಗಿಡ ಸಾಕು.
ಡ್ರೈವರ್ ಫಕ್ಕೀರಪ್ಪ ಇಳೀತಿದ್ದ,
ಬೀಡಿ ಹಚ್ಚಿಕೊಂಡು ಹಗುರಾಗಿ ಬರ್ತಿದ್ದ.
ನಾನು ಚಿಲ್ಲರೆ ಎಣಿಸ್ತಿದ್ದೆ.
ಅದೇ ಚಿಲ್ಲರೆ ನಾಲ್ಕು ಸಲ ಎಣಿಸ್ತಿದ್ದೆ.
ಸ್ಟ್ಯಾಂಡಿನ ಪಾಯಖಾನಿಗೆ ಕೀಲಿ,
ಕೀಲಿಕೈ ಇದ್ದಾಂವ ಊಟಕ್ಕ ಹೋಗ್ಯಾನ,
ಯಾವಾಗ ಕೇಳಿದ್ರೂ ಊಟಕ್ಕ ಹೋಗ್ಯಾನ.

ಸಂಜಿಗೆ ಟೊಂಕ ಸೆಳತ.
ಮೆಡಿಕಲ್ ಅಂಗಡಿ ಹುಡುಗ ಕೇಳದನ ಕೊಡ್ತಿದ್ದ ಗುಳಿಗಿ,
ಹುರಗಡ್ಲಿ ಒಗಕೊಂಡಂಗ ಬಾಯಿಗೆ ಒಗಕೊಂಡೆ.

ಈಗ ಅರವತ್ಮೂರು.
ಹೊಂಬಳ ಡಾಕ್ಟರಬಾಯಿ ಚೀಟಿ ಮ್ಯಾಲೆ ಬೆರಳಿಟ್ಟು
ಕ್ರಿಯಾಟಿನಿನ್ ಒಂದು ಪಾಯಿಂಟ್ ನಾಕು ಅಂದ್ರು.
ಎಲ್ಲಿಂದ ಎಲ್ಲಿಗ್ರಿ? ಅಂದೆ. ಹಳೇ ಚಟ.
ನಕ್ಕು, ಬೆನ್ನಿನ ಚಿತ್ರ ತಗದು
ಎರಡು ಅವರಿಕಾಳು ಬರದು ತೋರಿಸಿದ್ರು:
ಮೈಯಾಗಿನ ಅಷ್ಟೂ ರಕ್ತ ಹಗಲು ರಾತ್ರಿ
ಇವರ ಮುಂದ ಹಾಯ್ದು ಹೋಗತೈತಿ,
ಯಾರು ಕೂಡಬೇಕು, ಯಾರು ಇಳೀಬೇಕು, ಇವರ ಲೆಕ್ಕ.
ಅಂದ್ರ ಕಂಡಕ್ಟರ್ರು, ಅಂದೆ.
ರಜಾ ಇಲ್ಲದ ಕಂಡಕ್ಟರ್ರು, ಅಂದ್ರು.
ನೀವರ ರಿಟಾಯರ್ ಆದ್ರಿ.

ಮನಿಗೆ ಬಂದು ರಂಜಕದ ಭರಣಿ ಅಟ್ಟಕ್ಕೇರಿಸಿದೆ.
ಬಿಟ್ಟೇನಿ ಅಂತ ಸುಳ್ಳು ಯಾಕ ಹೇಳ್ಲಿ?
ಅದನ್ನ ಇಳಸಾಕ ಏಣಿ ಬೇಕು,
ಏಣಿ ಏರಾಕ ಮೊಣಕಾಲು ಒಲ್ಲೆ ಅಂತಾವ.
ಹಿಂಗ ಒಂದರ ಬ್ಯಾನಿ ಇನ್ನೊಂದನ್ನ ಕಾಯಾಕತ್ತೈತಿ.
ಗುಳಿಗಿ ತಗೊಳ್ಳೂದಿಲ್ಲ. ಎಳ್ಳೆಣ್ಣಿ ತಿಕ್ಕಿ ಕೂಡತೀನಿ,
ರೊಟ್ಟಿ ಹಿಟ್ಟಿಗೆ ಉಪ್ಪು ಹಾಕೂದಿಲ್ಲ,
ಹಕ್ಕರಕಿ ಸೊಪ್ಪು ಉಪ್ಪು ಕೇಳೂದೂ ಇಲ್ಲ.
ಮುಂಜಾನೆ ಭೀಷ್ಮಕೆರಿ ದಂಡಿಗುಂಟ ಒಂದು ಸ್ಟೇಜು ನಡದು
ತಿರುಗಿ ಒಂದು ಸ್ಟೇಜು.

ನೀರು ಕುಡೀರಿ ಅನ್ನೂದು ಸಸಾರ.
ನಮ್ಮ ಓಣಿಗೆ ನಳ ಬರೂದು ಎಂಟು ದಿನಕ್ಕೊಮ್ಮೆ, ನಡುರಾತ್ರ್ಯಾಗ.
ಕೊಡ, ಹಂಡೆ, ಬಕೀಟು
ತಡಾದ ಗಾಡಿಗೆ ಕಾದವರಂಗ ಬಾಗಲದಾಗ ಸಾಲು ಹಿಡದಿರ್ತಾವ.
ಬಾಜೂಮನಿ ಹುಸೇನಬಿ ಕೊಡ ಎತ್ತಿ ಸೊಂಟಕ್ಕಿಡತಾಳ,
ಮದಲ ನೀ ಒಂದು ತಂಬಿಗಿ ಕುಡಿ, ಆಮ್ಯಾಲೆ ತುಂಬು, ಅಂತಾಳ.
ಹಳೇ ವೇಬಿಲ್ಲಿನ ಬೆನ್ನಿಗೆ ತಂಬಿಗಿ ಲೆಕ್ಕ ಬರೀತೀನಿ.
ಒಂದೊಂದಿನ ಕಲೆಕ್ಷನ್ ಕಡಿಮಿ.

ಸಂತ್ಯಾಗ ಒಬ್ಬಾಂವ ಬೇರು ಮಾರ್ತಿದ್ದ,
ಹದಿನೈದು ದಿನದಾಗ ಕಿಡ್ನಿ ತೊಳೀತೈತಿ ಅಂತ.
ತೊಳಿಯಾಕ ಅದೇನು ಗಾಡಿ ಏನೋ, ಅಂದು ಮುಂದ ಹೋದೆ.
ಎರಡು ಹೆಜ್ಜಿ ಹೋಗಿ ಹೊಳ್ಳಿ ನೋಡಿದೆ. ಅದೂ ಖರೇನ.

ಮೊನ್ನೆ ಸವಣೂರಿಗೆ ಹೊಂಟಿದ್ದೆ. ಅದೇ ರೂಟು,
ಹೊಸಾ ಹುಡುಗಿ, ಎದಿ ಬಿಲ್ಲೆ ಮ್ಯಾಲೆ ನೀಲಗಂಗಾ ಸೂರಣಗಿ.
ಬಾಟ್ಲಿ ಚಾಚಿದೆ. ಬ್ಯಾಡ್ರಿ ಅಕ್ಕಾರ, ಅಂದ್ಲು.
ತುಟಿ ಸುಣ್ಣ ಬಳದಂಗ.
ಗಾಡಿ ಖಾಲಿ ಇತ್ತು, ಆಕಿ ಕಂಬಕ್ಕ ಆತು ನಿಂತು
ಚಿಲ್ಲರೆ ಎಣಿಸಾಕತ್ತಿದ್ಲು.
ನಾಲ್ಕನೇ ಸಲ.

ಲಕ್ಷ್ಮೇಶ್ವರ ಇನ್ನೂ ದೂರ. ಹೊತ್ತು ಮುಳಗಿತ್ತು.
ಎದುರಿಗೆ ಪೆಟ್ರೋಲ್ ಬಂಕಿನ ಬಿಳೀ ದೀಪ.
ಎದ್ದು ನಿಂತು ಒದರಿದೆ, ಹೋಲ್ಡಾನ್!
ಮೂರು ವರ್ಷದ ಮ್ಯಾಲೆ. ದನಿ ಹಂಗೇ ಇತ್ತು.
ಗಾಡಿ ಗಕ್ಕನ ನಿಂತು
ಏನಾತೋ ಮುದಕಿಗೆ, ಅಂತ ಹಿಂದಿನ ಸೀಟು ಗೊಣಗಿತು.
ಸಕ್ಕರಿ ಬ್ಯಾನಿ ಐತಪಾ, ತಡಕೊಳ್ಳಾಕ ಆಗೂದಿಲ್ಲ, ಅಂದೆ.
ಸಕ್ಕರಿ ಇಲ್ಲ ನನಗ.
ತಡಕೊಳ್ಳೂದರಾಗ ಆ ರೂಟಿನ್ಯಾಗ
ನನ್ನ ಮೀರಿಸಿದವರೂ ಇಲ್ಲ.

ಕತ್ತಲಾಗೇತಿ, ಕೈ ಹಿಡಕೊಂಡು ಬಾ ತಂಗಿ.
ಬಂದ್ಲು.
ಒಳಗ ಮದಲ ಹೋದಾಕಿ ಆಕಿನ.
ಹೊರಗ ನಾನು ಆಕಿ ಟಿಕೀಟಿನ ಯಂತ್ರ ಹಿಡದು ನಿಂತೆ,
ಅದರ ಪಟ್ಟಿ ಇನ್ನೂ ಬೆಚ್ಚಗಿತ್ತು.
ಡ್ರೈವರ್ ಹಾರ್ನ್ ಹೊಡದ.
ಹೊಡೀಲಿ.